ಕೊತ್ತಂಬರಿ ಎಂದು ಬಡಿಸಿದ ನುಗ್ಗೆಸೊಪ್ಪು

ಕಳೆದ ಚಳಿಗಾಲದಲ್ಲಿ ದುಬೈಯ ಊದ್ ಮೇಥಾದಲ್ಲಿ ನಮ್ಮ ಕರಾವಳಿಯವರು ಸೇರಿ ನನಗೆ ಶಾಲು ಹೊದಿಸಿದರು. ನಿರೂಪಣೆ ಮಾಡುತ್ತಿದ್ದ ಹುಡುಗಿ ನನ್ನನ್ನು ‘ಮರಳುಗಾಡಿನಲ್ಲಿ ಕಾರ್ಮಿಕರಿಗೆ ಸೊಪ್ಪಿನ ಮಹಿಮೆ ತೋರಿಸಿದ ಅನ್ನದಾತ’ ಎಂದಳು. ಮಹಿಮೆ ತೋರಿಸಿದ್ದು ಹೌದು. ಸೊಪ್ಪನ್ನು ಮಾತ್ರ ತೋರಿಸಿರಲಿಲ್ಲ.

ಶಾಲಿನ ಜೊತೆಗೆ ಹಣ್ಣಿನ ಬುಟ್ಟಿ ಕೊಟ್ಟರು. ಅಬುಧಾಬಿಗೆ ಬಂದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮಗಳ ಮನೆಯಲ್ಲಿ ಪ್ಲಾಸ್ಟಿಕ್ ಹಾಳೆ ಬಿಚ್ಚಿ ನೋಡಿದರೆ ಮೇಲೆ ಒಂದು ಸಾಲು ಸೇಬು, ಕೆಳಗೆಲ್ಲ ಮುದುಡಿದ ಕಾಗದ. ತುಂಬಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರು ಇದ್ದಾರೆ ಎಂದು ಮನಸ್ಸಿಗೆ ಸಮಾಧಾನವಾಯಿತು. ಮೊಮ್ಮಗ ಶಾಲನ್ನು ಎಳೆದು ನೋಡಿ, "ಅಜ್ಜ, ಈಸ್ ಇಟ್ ಎ ಬ್ಲ್ಯಾಂಕೆಟ್?" ಎಂದ. ಹೌದು ಮಗಾ, ಮುಚ್ಚಿಕೊಳ್ಳಲಿಕ್ಕೇ ಇರುವುದು ಎಂದೆ.

ಆ ಸಭೆಯಲ್ಲೇ ಇಬ್ಬರು ತರುಣರು ಬಂದು, "ನಾವು ಕೇಟರಿಂಗ್ ಲೈನಿಗೆ ಬರುತ್ತಿದ್ದೇವೆ ವಾಸಣ್ಣ, ನಿಮ್ಮ ಅನುಭವ ಬರೆದುಕೊಡಿ, ನಮ್ಮಂಥವರಿಗೆ ಉಪಯೋಗವಾಗುತ್ತದೆ" ಎಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಬರೆಯುವ ಅಭ್ಯಾಸವಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಒಬ್ಬರು ಬರೆಯಲು ಹೇಳಿದ್ದಾರೆ. ಆ ತರುಣರಲ್ಲ, ಬೇರೆಯವರು. ಯಾರೆಂದು ಕೊನೆಗೆ ತಿಳಿಯುತ್ತದೆ. ಬಡ್ತಿಯ ವಿಷಯ ಕೇಳಬೇಡಿ. ಪಾತ್ರೆ ತೊಳೆಯಲು ಬಂದೆ, ಅಡುಗೆಮನೆಯ ಇನ್‌ಚಾರ್ಜ್ ಆಗಿ ಇಳಿದೆ, ನಡುವೆ ಸೊಂಟ ನೋವು ಬಂತು.

ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ನಮ್ಮದು ಅಬುಧಾಬಿಯ ಪಶ್ಚಿಮಕ್ಕೆ ಮರಳುಗಾಡಿನ ನಡುವಿನ ಊರು ಮದೀನತ್ ಜಾಯೆದ್‌ನ ಅಂಚಿನಲ್ಲಿದ್ದ ಕ್ಯಾಂಪ್ ಅಡುಗೆಮನೆ. ಸುತ್ತಮುತ್ತಲ ಗ್ಯಾಸ್, ಪೈಪ್‌ಲೈನ್ ಕೆಲಸದವರಿಗೆ ಮೂರು ಹೊತ್ತು ಊಟ. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತವರು ತಟ್ಟೆಯ ಮೇಲೆ ಸಾಸಿನಿಂದ ಚಿತ್ರ ಬಿಡಿಸುತ್ತೀರಲ್ಲ, ಇಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಸಟ್ಟುಗ ಹಿಡಿಯುವುದು ದೋಣಿಯ ಹುಟ್ಟು ಹಾಕಿದ ಹಾಗೆ. ಬಿಸಿಲಲ್ಲಿ ಬೆಂದು ಬಂದವನಿಗೆ ಎರಡೇ ವಿಷಯ ಬೇಕು: ಅನ್ನ ಬಿಸಿ ಇರಬೇಕು, ಮಾಂಸ ಕಾಣಬೇಕು.

ಆ ಎರಡನೆಯದೇ ನಮ್ಮ ಮ್ಯಾನೇಜರರ ತಲೆನೋವು. ಮೈಸೂರಿನ ರಾಘವೇಂದ್ರ ಸಾರ್. ಎಂಬಿಎ ಓದಿದವರು, ಅಚ್ಚುಕಟ್ಟಿನ ಮನುಷ್ಯ, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಕ್ಯಾಂಪಿನ ಕೊಚ್ಚಿದ ಮಟನ್ ಕೀಮಾ ಹೇಗಿರಬೇಕು ಎಂದು ತೀರ್ಮಾನಿಸುವ ಅಧಿಕಾರ ಅವರದು. ತಿಂಗಳಿಗೊಮ್ಮೆ ರುಚಿ ನೋಡಲು ಬರುತ್ತಿದ್ದರು. ಚಮಚವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, "ಉಪ್ಪು ಒಂಚೂರು ಜಾಸ್ತಿ ಆಯ್ತೇನೋ ಅಲ್ವಾ ವಾಸು?" ಎನ್ನುತ್ತಿದ್ದರು. ಮೂಗಿನಿಂದ ಉಪ್ಪು ತಿಳಿಯುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಾಂಸದ ಬೆಲೆ ಏರಿದ ಒಂದು ವರ್ಷ ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಿ ವಾಸು, ಮಟನ್ ಕಮ್ಮಿ ಮಾಡ್ಬೇಕು. ಆದ್ರೆ ಕಮ್ಮಿ ಆದ ಹಾಗೆ ಕಾಣ್ಬಾರ್ದು."

"ನೀರು ಹಾಕುವುದಾ ಸಾರ್?"

"ಛೇ ಛೇ, ಕ್ವಾಲಿಟಿ ಇರ್ಬೇಕು ಕಣ್ರೀ. ನಿಮ್ಮ ಕಡೆ ಏನೂ ಮಾಡಲ್ವಾ ಇಂಥಾದ್ದು?"

ನಮ್ಮ ಕಡೆ ಮಾಡುತ್ತಿದ್ದರು. ನನ್ನ ಅಮ್ಮನೇ ಮಾಡುತ್ತಿದ್ದಳು. ಕೋಳಿ ಒಂದು, ಬಾಯಿ ಮನೆ ತುಂಬ. ಹಿತ್ತಿಲಿನಿಂದ ಒಂದು ಮಡಿಲು ನುಗ್ಗೆಸೊಪ್ಪು ಕೊಯ್ದು ತಂದು, ಹುರಿದು, ಕೋಳಿಯ ಮಸಾಲೆಗೆ ಸೇರಿಸಿಬಿಡುತ್ತಿದ್ದಳು. ಎಲ್ಲರ ತಟ್ಟೆ ತುಂಬುತ್ತಿತ್ತು, ಎಲ್ಲರ ಮೈಗೂ ಹಿಡಿಯುತ್ತಿತ್ತು. ಬಡಿಸುವಾಗ ಅವಳು ಒಂದು ಮಾತು ಹೇಳುತ್ತಿದ್ದಳು: "ಕೋಳಿ ಸ್ವಲ್ಪ, ಸೊಪ್ಪು ಜಾಸ್ತಿ, ಬಯ್ಯಬೇಡಿ." ನಾನು ಅಮ್ಮನ ಪಾಕವನ್ನು ಮದೀನತ್ ಜಾಯೆದ್‌ಗೆ ತಂದೆ. ಆ ಒಂದು ಮಾತನ್ನು ಊರಲ್ಲೇ ಬಿಟ್ಟು ಬಂದೆ.

ಸೊಪ್ಪು ಎಂದ ಕೂಡಲೇ ರಾಘವೇಂದ್ರ ಸಾರ್‌ಗೆ ತಮ್ಮ ಮನೆಯ ವಿಷಯ ಬಂದಂತೆ ಉತ್ಸಾಹ ಬಂತು. "ಒಳ್ಳೇ ನ್ಯೂಟ್ರಿಷನ್ ಕಣ್ರೀ! ಅವ್ರಿಗೂ ಒಳ್ಳೇದು, ನಮ್ಗೂ ಒಳ್ಳೇದು. ಆದ್ರೆ ಹೇಳ್ಬೇಡಿ. ಹೇಳಿದ್ರೆ ಸೊಪ್ಪು ಹಾಕಿ ಮಾಂಸ ಕದ್ರು ಅಂತಾರೆ." ಒಳ್ಳೆಯದಾದರೆ ಹೇಳಬಾರದೇಕೆ ಎಂದು ನಾನು ಕೇಳಲಿಲ್ಲ. ನೀವು ಕೇಳಿ. ಮ್ಯಾನೇಜರ್ ‘ಒಳ್ಳೆಯದು, ಆದರೆ ಹೇಳಬೇಡಿ’ ಎಂದ ಕ್ಷಣವೇ ಕೇಳಿ.

ಮೊದಲ ಪ್ರಯೋಗಕ್ಕೆ ನುಗ್ಗೆ ಸಿಗಲಿಲ್ಲ. ಮಾರ್ಕೆಟ್ಟಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದು ಅರಬ್ಬರು ಸಾರು ಮಾಡುವ ಮಲೂಖಿಯಾ ಎಂಬ ಸೊಪ್ಪು. ಹೆಚ್ಚಿ ಕೀಮಾಕ್ಕೆ ಹಾಕಿದೆ. ಅದರ ಗುಣ ನನಗೆ ಗೊತ್ತಿರಲಿಲ್ಲ. ಬೆಂದ ಕೂಡಲೇ ಬಸಳೆಗಿಂತ ಹೆಚ್ಚು ಲೋಳೆ ಬಿಟ್ಟಿತು. ಸಟ್ಟುಗ ಎತ್ತಿದರೆ ಕೀಮಾ ಹಿಂದೆಯೇ ನೂಲಾಗಿ ಬರುತ್ತಿತ್ತು. ಕ್ಯಾಂಪಿನವರು ತಟ್ಟೆಯನ್ನು ಓರೆ ಮಾಡಿ ನೋಡಿ ಹಾಗೆಯೇ ಇಟ್ಟರು. ಈಜಿಪ್ಟಿನ ಒಬ್ಬ ಫೋರ್‌ಮನ್ ಮಾತ್ರ ವಾಸನೆ ಹಿಡಿದು ಅಡುಗೆಮನೆಯೊಳಗೇ ನುಗ್ಗಿಬಂದ. "ಮಲೂಖಿಯಾ! ಯಾ ವಾಸು, ನನ್ನ ಅಮ್ಮನ ಮಲೂಖಿಯಾ!" ಎಂದು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟ. ಗುಟ್ಟಿನ ಸೊಪ್ಪು ಮುತ್ತಿನೊಂದಿಗೆ ಬಯಲಾಯಿತು. ರಾಘವೇಂದ್ರ ಸಾರ್ ಫೋನಿನಲ್ಲಿ, "ಖಲಾಸ್! ಯಾರಿಗೂ ಅಮ್ಮನ ನೆನಪು ಬರದೇ ಇರೋ ಸೊಪ್ಪು ಹುಡುಕಿ" ಎಂದರು.

ಎರಡನೆಯದು ಇನ್ನೂ ದೊಡ್ಡ ಅವಾಂತರ, ಮತ್ತು ಅದಕ್ಕೆ ನನ್ನ ಜಂಬವೇ ಕಾರಣ. ಕೆಸುವಿನ ಎಲೆ. ಪತ್ರೊಡೆ ತಿಂದು ಬೆಳೆದ ನಮಗೆ ಕೆಸು ಕಲಿಸಬೇಕಾ? ಹುಣಸೆಹುಳಿ ಹಾಕಿದರೆ ತುರಿಕೆ ಸಾಯುತ್ತದೆ ಎಂದು ತೊಟ್ಟಿಲಲ್ಲೇ ಕಲಿತವರು. ಆದರೆ ಮನೆಯ ಪಾತ್ರೆಯ ಹುಳಿ ಬೇರೆ, ಕ್ಯಾಂಪಿನ ಹಂಡೆಯ ಹುಳಿ ಬೇರೆ. ಜಾಸ್ತಿ ಹುಳಿ ಹಾಕಿದರೆ ಕೀಮಾ ಕೆಡುತ್ತದೆ ಎಂದು ಕೈ ಬಿಗಿಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಊಟದ ಹಾಲಿನಲ್ಲಿ ಗಂಟಲು ಕೆರೆಯುವ ಸದ್ದು, ಮಳೆಗಾಲದ ಕಪ್ಪೆಗಳ ಹಾಗೆ. ಎಲ್ಲರಿಗೂ ಮಜ್ಜಿಗೆ ಕುಡಿಸಿದೆವು. ಕ್ಯಾಂಪಿನ ನರ್ಸ್ ಕಾರಣ ಏನೆಂದು ಕೇಳಿದಾಗ ರಾಘವೇಂದ್ರ ಸಾರ್ "ಧೂಳು, ಮರಳು ಗಾಳಿ" ಎಂದರು. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ನಾನೂ "ಹೌದು, ಗಾಳಿ" ಎಂದೆ. ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ನನಗೆ ಗೊತ್ತಾದದ್ದು ಅಂದು.

ಕೊನೆಗೆ ಲಿವಾ ಕಡೆಯ ಒಂದು ತೋಟದಲ್ಲಿ ನುಗ್ಗೆ ಮರಗಳು ಸಿಕ್ಕವು. ಇಲ್ಲಿಂದ ಮುಂದೆ ಸ್ವಲ್ಪ ವಿದ್ಯೆ ಹೇಳಿಕೊಡುತ್ತೇನೆ, ನಗಬೇಡಿ, ಇದು ನಿಜಕ್ಕೂ ಉಪಯೋಗದ್ದು. ಎಲೆಯನ್ನು ಕಡ್ಡಿಯಿಂದ ಪೂರ್ತಿ ಬಿಡಿಸಬೇಕು. ಕಡ್ಡಿ ಉಳಿದರೆ ಹಲ್ಲಿಗೆ ಸಿಕ್ಕಿ ಗುಟ್ಟು ರಟ್ಟು ಮಾಡುತ್ತದೆ. ಹಸಿಯಾಗಿ ಹಾಕಿದರೆ ಕಹಿ. ತುಸು ಎಣ್ಣೆಯಲ್ಲಿ ಗರಿಗರಿಯಾಗುವ ತನಕ ಹುರಿದು, ಕೈಯಲ್ಲಿ ಪುಡಿ ಮಾಡಿ, ಈರುಳ್ಳಿ ಕಂದು ಬಣ್ಣಕ್ಕೆ ಬಂದು ಕೀಮಾದ ನೀರು ಇಂಗಿದ ಮೇಲೆ ಸೇರಿಸಬೇಕು. ಮೂರು ಪಾಲು ಕೀಮಾಕ್ಕೆ ಒಂದು ಪಾಲು ಸೊಪ್ಪು. ಕರಿಮೆಣಸು ಸ್ವಲ್ಪ ಜಾಸ್ತಿಯೇ ಇರಲಿ. ಸೊಪ್ಪು ಮಾಂಸದ ರಸವನ್ನು ಹೀರಿಕೊಂಡು ಮಾಂಸದ ಹಾಗೆಯೇ ಕೂರುತ್ತದೆ. ಬಾಯಿಗೆ ಬಂದರೆ ಯಾವುದು ಆಡು, ಯಾವುದು ಆಡು ಮೇಯುವುದು ಎಂದು ತಿಳಿಯುವುದಿಲ್ಲ.

ಕೀಮಾಕ್ಕೆ ಹೆಸರು ಬಂತು. ಬೆಳಿಗ್ಗೆ ಕುಬ್ಬೂಸ್ ರೊಟ್ಟಿಯೊಳಗೆ ಅದೇ, ಮಧ್ಯಾಹ್ನ ಅನ್ನಕ್ಕೆ ಅದೇ, ಸಂಜೆ ಕಟ್ಲೆಟ್‌ನಲ್ಲಿ ಅದೇ. ಕ್ಯಾಂಪಿನಲ್ಲಿ ಮಲಬದ್ಧತೆಯ ದೂರು ಕಡಿಮೆಯಾಯಿತು, ಬೆಳಗಿನ ಕಕ್ಕಸಿನ ಸಾಲು ಚುರುಕಾಗಿ ಕರಗಿತು. ಸೊಪ್ಪು ಹಾಕಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಕಡಿಮೆ ಮಾಂಸದಲ್ಲಿ ಬಡವನ ಮೈಗೆ ಇಷ್ಟು ಸತ್ವ ಕೊಡುವ ಉಪಾಯ ಬೇರೊಂದು ನನಗೆ ಗೊತ್ತಿಲ್ಲ. ನನ್ನ ತಪ್ಪು ಹಂಡೆಯಲ್ಲಿ ಇರಲಿಲ್ಲ, ಬಾಯಿಯಲ್ಲಿ ಇತ್ತು.

"ಇದರಲ್ಲಿ ಹಸಿರು ಎಂತ?" ಎಂದು ಯಾರಾದರೂ ಕೇಳಿದರೆ ನಮ್ಮ ಅಡುಗೆಮನೆಯಲ್ಲಿ ಎಲ್ಲರಿಗೂ ಒಂದೇ ಉತ್ತರ ಬಾಯಿಪಾಠ: "ಕೊತ್ತಂಬರಿ ಮಾತ್ರ." ಪಾತ್ರೆ ತೊಳೆಯುವವನಿಂದ ನನ್ನವರೆಗೆ ಎಲ್ಲರೂ ಸಂಧ್ಯಾವಂದನೆಯ ಹಾಗೆ ಹೇಳುತ್ತಿದ್ದೆವು.

ಸದಾಶಿವನೂ ಅದನ್ನೇ ಕೇಳಿದ.

ಸದಾಶಿವ ಕಾರ್ಕಳದ ಕಡೆಯವನು, ಸೈಟಿನ ಸ್ಟೋರ್ ಕೀಪರ್, ನನಗಿಂತ ಕಿರಿಯ. ನನ್ನ ಜೊತೆ ತುಳುವಿನಲ್ಲಿ ಮಾತಾಡಲು ಇದ್ದವನು ಅವನೊಬ್ಬನೇ. ಊಟದ ಸಾಲಿನಲ್ಲಿ ನಿಂತು, "ವಾಸಣ್ಣ, ನಿನ್ನ ಕೀಮಾ ತಿಂದರೆ ಹೆಂಡತಿಯ ಕೈ ಮರೆಯುತ್ತದೆ, ಅವಳಿಗೆ ಹೇಳಬೇಡ ಮಾರಾಯ" ಎಂದು ಎಲ್ಲರೆದುರು ಕೂಗುತ್ತಿದ್ದ. ಅಂಥ ಮಾತು ಕೇಳಿದರೆ ಅಡುಗೆಯವನಿಗೆ ಅಮಲು. ರಜೆಯಲ್ಲಿ ಊರಿಗೆ ಹೋದವನು ಒಮ್ಮೆ ತಡವಾಗಿ ಬಂದ. ಎದೆಯ ಕವಾಟ ಕೆಟ್ಟು ಲೋಹದ್ದು ಹಾಕಿದ್ದರು. ಕಿವಿ ಹತ್ತಿರ ತಂದರೆ ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತದೆ ಎಂದು ಕ್ಯಾಂಪಿನವರಿಗೆ ಕೇಳಿಸಿ ತಮಾಷೆ ಮಾಡುತ್ತಿದ್ದ. ರಕ್ತ ಹೆಪ್ಪುಗಟ್ಟದಂತೆ ಜೀವನ ಪೂರ್ತಿ ದಿನವೂ ಮಾತ್ರೆ ತಿನ್ನಬೇಕಿತ್ತು.

ಒಂದು ದಿನ ಊಟ ಮುಗಿದ ಮೇಲೆ ಅಡುಗೆಮನೆಯ ಹಿಂಬಾಗಿಲಿಗೆ ಬಂದ.

"ವಾಸಣ್ಣ, ಒಂದು ಕೇಳುವುದುಂಟು. ತಮಾಷೆ ಅಲ್ಲ."

"ಹೇಳು."

"ಡಾಕ್ಟರಮ್ಮ ಹೇಳಿದ್ದಾರೆ, ಹಸಿರು ಸೊಪ್ಪು ತಿಂದರೆ ಈ ಮಾತ್ರೆಯ ಶಕ್ತಿ ಇಳಿಯುತ್ತದಂತೆ. ತಿನ್ನಲೇಬಾರದು ಅಂತಲ್ಲ. ದಿನವೂ ಒಂದೇ ಅಳತೆ ಇರಬೇಕು, ಅವರಿಗೆ ಗೊತ್ತಿರಬೇಕು. ಅದಕ್ಕೆ ತಕ್ಕ ಹಾಗೆ ಮಾತ್ರೆ ಕೊಡುತ್ತಾರಂತೆ. ಈಗ ನನ್ನ ರಕ್ತ ಪರೀಕ್ಷೆ ಸರಿ ಬರುತ್ತಾ ಇಲ್ಲ. ನಿನ್ನ ಕೀಮಾದಲ್ಲಿ ಸೊಪ್ಪು ಉಂಟಾ?"

ಅವನ ಹಿಂದೆ ಲಿವಾದಿಂದ ಬಂದ ಸೊಪ್ಪಿನ ಚೀಲಗಳು ಗೋಡೆಗೆ ಒರಗಿ ಕೂತಿದ್ದವು. ಅವನು ತಿರುಗಿದ್ದರೆ ಸಾಕಿತ್ತು. ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

"ಕೊತ್ತಂಬರಿ ಮಾತ್ರ" ಎಂದೆ.

"ಅಷ್ಟೇ ಅಲ್ವಾ?"

"ಮೇಲಿಂದ ಉದುರಿಸುತ್ತೇನಲ್ಲ, ನೋಡಿದ್ದಿ ನೀನೇ."

"ಹಾಗಾದರೆ ಸರಿ. ನೀನು ಹೇಳಿದರೆ ಸರಿ" ಎಂದು ಹೋದ.

ಯಾಕೆ ಹೇಳಿದೆ? ಮ್ಯಾನೇಜರರ ಹೆದರಿಕೆ ಎನ್ನಬಹುದು. ಸದಾಶಿವನ ಬಾಯಿಗೆ ಬಾಗಿಲಿಲ್ಲ, ಇಡೀ ಕ್ಯಾಂಪಿಗೆ ಗೊತ್ತಾಗುತ್ತದೆ ಎನ್ನಬಹುದು. ಅದೆಲ್ಲ ಸೇಬಿನ ಕೆಳಗಿನ ಕಾಗದ. ನಿಜ ಏನೆಂದರೆ, ಎಲ್ಲರೆದುರು ನನ್ನ ಕೀಮಾವನ್ನು ಹೊಗಳುವವನ ಮುಂದೆ ಅದು ಪೂರ್ತಿ ಕೀಮಾ ಅಲ್ಲ ಎನ್ನಲು ನನಗೆ ನಾಚಿಕೆಯಾಯಿತು. ಒಂದು ಹಿಡಿ ಸೊಪ್ಪಿನಿಂದ ಎಂತ ಆಗುತ್ತದೆ ಎಂದು ನನಗೆ ನಾನೇ ಡಾಕ್ಟರಾದೆ.

ಆಮೇಲೆ ನಡೆದದ್ದು ಇದು. ಡಾಕ್ಟರಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ. ಸೊಪ್ಪು ಇಲ್ಲ ಎಂಬ ಉತ್ತರ ಬಂದ ಮೇಲೆ ಅವರಿಗೆ ಉಳಿದದ್ದು ಒಂದೇ ಅನುಮಾನ: ಇವನು ಮಾತ್ರೆ ತಪ್ಪಿಸುತ್ತಾನೆ. ಸದಾಶಿವ ಆಣೆ ಹಾಕಿದ. ಪ್ರಮಾಣ ಹೆಚ್ಚಿಸಿದರು. ಮುಂದಿನ ಸಲವೂ ರಕ್ತ ದಪ್ಪವೇ. ಮತ್ತೆ ಬೈಗುಳ, ಮತ್ತೆ ಹೆಚ್ಚಿಸಿದರು. ಊರಿನಲ್ಲಿ ಅವನ ಹೆಂಡತಿ ಸುಮತಿಗೆ ವಿಷಯ ತಿಳಿದು, ಅವನು ದಿನವೂ ವಿಡಿಯೋ ಕಾಲ್‌ನಲ್ಲಿ ಮಾತ್ರೆ ನುಂಗಿ ನಾಲಗೆ ಎತ್ತಿ ತೋರಿಸಬೇಕಾಯಿತು. ನನ್ನ ಬಳಿ ಬಂದು ನಗುತ್ತಲೇ ಹೇಳಿದ: "ಮದುವೆಯಾದಾಗಲೂ ಇಷ್ಟು ಬಾಯಿ ತೆರೆದು ತೋರಿಸಿಲ್ಲ ಮಾರಾಯ. ನಾನು ನುಂಗುವುದು ದೇವರಿಗೆ ಗೊತ್ತು, ಆದರೆ ದೇವರಿಗೆ ಫೋನ್ ಇಲ್ಲವಲ್ಲ." ನಾನೂ ನಕ್ಕೆ, ಅವನಿಗೆ ಇನ್ನೊಂದು ಸಟ್ಟುಗ ಕೀಮಾ ಹಾಕಿದೆ. ಪ್ರೀತಿಯಿಂದ.

ಅಷ್ಟರಲ್ಲಿ ಆಡಿಟ್ ಬಂತು. ಕ್ಯಾಂಪ್ ನಡೆಸುವ ದೊಡ್ಡ ಕಂಪೆನಿಯವರು ಊಟದ ಗುಣಮಟ್ಟ ನೋಡಲು ಬರುತ್ತಾರೆ, ಯಾವ ದಿನ ಎಂದು ಹೇಳುವುದಿಲ್ಲ. ರಾಘವೇಂದ್ರ ಸಾರ್ ಓಡಿಬಂದರು. "ವಾಸು, ಆಡಿಟ್ ಮುಗಿಯೋ ತನಕ ಒಂದೇ ಒಂದು ಎಲೆ ಕಾಣಕೂಡ್ದು. ಶುದ್ಧ ಮಟನ್. ಗೊತ್ತಾಯ್ತಾ? ಪ್ಯೂರ್!" ಮಾಂಸಾಹಾರದ ಪಾವಿತ್ರ್ಯದ ಬಗ್ಗೆ ಅವರಷ್ಟು ಭಕ್ತಿಯಿಂದ ಮಾತಾಡಿದವರನ್ನು ನಾನು ಕಂಡಿಲ್ಲ.

ಸೊಪ್ಪು ನಿಂತಿತು. ನಾವು ಪ್ರಾಮಾಣಿಕರಾದೆವು. ಕ್ಯಾಂಪಿನವರು ಮೂರನೇ ದಿನವೇ ತಟ್ಟೆ ತಟ್ಟಿದರು: ಕೀಮಾ ಮೊದಲಿನ ಹಾಗಿಲ್ಲ, ಏನೋ ಕಲಬೆರಕೆ ಮಾಡಿದ್ದೀರಿ! ಕಕ್ಕಸಿನ ಸಾಲು ಮತ್ತೆ ಉದ್ದವಾಯಿತು. ಆಡಿಟರ್ ಬಂದು ತಿಂದು ಹೆಬ್ಬೆರಳು ಎತ್ತಿದರು.

ಮತ್ತು ಸದಾಶಿವನ ಮಾತ್ರೆ, ಸೊಪ್ಪನ್ನು ಗೆಲ್ಲಲೆಂದು ಏರಿಸಿ ಏರಿಸಿ ಇಟ್ಟಿದ್ದ ಮಾತ್ರೆ, ಈಗ ಎದುರಾಳಿಯೇ ಇಲ್ಲದ ಮೈಯಲ್ಲಿ ಒಂಟಿಯಾಗಿ ಕೆಲಸ ಮಾಡುತ್ತಿತ್ತು.

ಒಂದು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಅವನು ಕುಬ್ಬೂಸ್ ಕಚ್ಚಿದಾಗ ರೊಟ್ಟಿಯ ಮೇಲೆ ಕೆಂಪು ಕಂಡಿತು. "ಒಸಡಿನಿಂದ ಮಾರಾಯ, ನಿನ್ನ ರೊಟ್ಟಿ ಗಟ್ಟಿಯಾಗಿದೆ" ಎಂದು ನನಗೇ ಬೈದ. ಎರಡು ದಿನ ಬಿಟ್ಟು ಊಟದ ಸಾಲಿನಲ್ಲಿ ನಿಂತವನು ತಟ್ಟೆ ಬೀಳಿಸಿದ. ಬಗ್ಗಿ ಎತ್ತಲು ಹೋದ ಎಡಗೈ ತಟ್ಟೆಯ ಪಕ್ಕದ ನೆಲವನ್ನು ತಡವುತ್ತಿತ್ತು. ಮಾತು ತೊದಲಿತು. ತಲೆಯೊಳಗೆ ರಕ್ತ ಸೋರಿತ್ತು.

ಆಂಬುಲೆನ್ಸ್ ಹೋದ ಮೇಲೆ ಕ್ಯಾಂಪಿನ ನರ್ಸ್ ನನ್ನನ್ನು ಕೇಳಿದ, "ಇತ್ತೀಚೆಗೆ ಊಟದಲ್ಲಿ ಏನಾದರೂ ಬದಲಾಗಿದೆಯಾ?" ರಾಘವೇಂದ್ರ ಸಾರ್ ಪಕ್ಕದಲ್ಲೇ ನಿಂತಿದ್ದರು. "ಅದೇ ಮೆನು" ಎಂದೆ. ಬೋರ್ಡಿನ ಮೇಲೆ ಮೆನು ಅದೇ ಇತ್ತು, ನೋಡಿ. ಸತ್ಯವನ್ನೂ ಹೀಗೆ ಹುರಿದು ಪುಡಿ ಮಾಡಿ ಬಳಸಬಹುದು.

ಅವನು ಬದುಕಿದ. ಎಡಗೈ ಪೂರ್ತಿ ಮರಳಲಿಲ್ಲ. ಕೆಲಸ ಹೋಯಿತು. ಎಲ್ಲರೂ ಸೇರಿ ಒಂದು ಕತೆ ಕಟ್ಟಿದರು: ಮಾತ್ರೆ ಬಿಟ್ಟು ಬಿಟ್ಟು, ಕೊನೆಗೆ ಹೆದರಿ ಒಟ್ಟೊಟ್ಟಿಗೆ ನುಂಗಿದ್ದಾನೆ. ಅವನನ್ನು ಗಾಲಿಕುರ್ಚಿಯಲ್ಲಿ ವಿಮಾನ ಹತ್ತಿಸಿ ಬಂದ ದಿನ ಸುಮತಿ ನನಗೆ ಫೋನ್ ಮಾಡಿದಳು. "ವಾಸಣ್ಣ, ನೀವು ದಿನವೂ ನೋಡುತ್ತಿದ್ದವರು. ನಿಜ ಹೇಳಿ. ಮಾತ್ರೆ ಬಿಡುತ್ತಿದ್ದರಾ?" ಸುಳ್ಳನ್ನು ಹಿಂದಕ್ಕೆ ಪಡೆಯಲು ನನಗೆ ಸಿಕ್ಕಿದ ಒಳ್ಳೆಯ ಅವಕಾಶ ಅದು. ನಾನು ಹೇಳಿದ್ದು: "ಸ್ವಲ್ಪ ಮರೆವು ಉಂಟು ಸುಮತಿಯಕ್ಕ ಅವನಿಗೆ. ಬೈಯಬೇಡಿ."

ಬೈಯಬೇಡಿ ಎಂದೂ ಸೇರಿಸಿದೆ. ದೊಡ್ಡ ಮನುಷ್ಯ.

ಅಂದಿನಿಂದ ಮಾತ್ರೆಗಳು ಸುಮತಿಯ ಕಪಾಟಿನಲ್ಲಿ, ಬೀಗದ ಒಳಗೆ. ಹಬ್ಬಕ್ಕೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಿದ್ದಳು: "ನಾನೇ ತೆಗೆದು ಕೊಡುವುದು, ನುಂಗುವ ತನಕ ಎದುರು ನಿಲ್ಲುವುದು. ಮಗುವಿನ ಹಾಗೆ ಆಗಿದ್ದಾರೆ." ಹಿಂದಿನಿಂದ ಸದಾಶಿವ ಏನೋ ಹೇಳಲು ಹೊರಟರೆ, "ನೀವು ಸುಮ್ಮನಿರಿ" ಎನ್ನುತ್ತಿದ್ದಳು. ಅವನು ಸುಮ್ಮನಿರುತ್ತಿದ್ದ. ಸಾಲಿನಲ್ಲಿ ನಿಂತು ಕೂಗುತ್ತಿದ್ದ ಆ ಮನುಷ್ಯ.

ನಾನು ಕೆಲಸ ಬಿಡುವ ಮೊದಲು ರಾಘವೇಂದ್ರ ಸಾರ್ ದುಬೈಗೆ ಹೋಗಿ ಇನ್ನೂ ದೊಡ್ಡವರಾಗಿದ್ದರು. ಒಂದು ಆಫೀಸು ಕಟ್ಟಡದ ಕ್ಯಾಂಟೀನಿಗೆ ನನ್ನನ್ನು ಕರೆಸಿದರು. ಅಲ್ಲಿ ನಮ್ಮದೇ ಕೀಮಾ, ನಮ್ಮದೇ ನುಗ್ಗೆ. ಆದರೆ ಈಗ ಅದನ್ನು ಅಂಗೈಯಗಲ ತಟ್ಟಿ, ಬನ್ನಿನೊಳಗೆ ಇಟ್ಟಿದ್ದರು. ಮುಂದೆ ಹಸಿರು ಬೋರ್ಡು: ಇದರಲ್ಲಿ ನುಗ್ಗೆಸೊಪ್ಪು ಸೇರಿದೆ, ಮಾಂಸ ಕಡಿಮೆ, ಭೂಮಿಗೆ ಹಿತ. ಪಕ್ಕದಲ್ಲಿ ಎಲೆಯ ಚಿತ್ರ, ಮರದ ಚಿತ್ರ, ಯಾರೋ ನಗುವ ಹುಡುಗಿಯ ಚಿತ್ರ. "ಈಗ ಇದಕ್ಕೆ ಮರ್ಯಾದೆ ಬಂದಿದೆ ಕಣ್ರೀ ವಾಸು. ಎಲೆ ಕಂಡಷ್ಟೂ ರೇಟು ಜಾಸ್ತಿ" ಎಂದರು. ಕಾರ್ಮಿಕನಿಗೆ ಮುಚ್ಚಿ ಕೊಟ್ಟದ್ದನ್ನು ಸಾಹೇಬರಿಗೆ ತೆರೆದು ಮಾರುವುದು. ಇದಕ್ಕೇ ಎಂಬಿಎ ಬೇಕು.

ನಾನು ಅಲ್ಲಿ ನಿಂತು ನೋಡುತ್ತಿದ್ದೆ. ಟೈ ಕಟ್ಟಿದ ಒಬ್ಬರು ಬಂದರು, ಬೋರ್ಡು ಓದಿದರು, ಸ್ವಲ್ಪ ಯೋಚಿಸಿ, ತಟ್ಟೆ ಹಿಡಿದು ದಾಲ್ ಕಡೆಗೆ ಹೋದರು. ಅಷ್ಟೇ. ಯಾಕೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾನು ಅಲ್ಲೇ ಕುರ್ಚಿಯಲ್ಲಿ ಕೂತೆ. ಸದಾಶಿವನಿಗೆ ಬೇಕಾಗಿದ್ದದ್ದು ಅಷ್ಟೇ: ಓದಿ, ದಾಲ್ ಕಡೆಗೆ ಹೋಗುವುದು.

ಆದರೂ ಆಗ ಫೋನ್ ಮಾಡಲಿಲ್ಲ. ಹೇಡಿತನಕ್ಕೂ ಒಂದು ಪಾಕ ಉಂಟು, ಸಣ್ಣ ಉರಿಯಲ್ಲಿ ವರ್ಷಗಟ್ಟಲೆ ಕುದಿಯುತ್ತದೆ. ಶಾಲು ಹೊದಿಸಿದ ಮಾರನೆಯ ದಿನ, ಮಗಳು "ಅಪ್ಪ, ಇದನ್ನು ಎಲ್ಲಿ ಇಡುವುದು?" ಎಂದು ಕೇಳಿದಾಗ ಮಾತ್ರ ತಡೆಯಲಾಗಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿ ಸದಾಶಿವನಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಚೀಲಗಳು ಅವನ ಬೆನ್ನ ಹಿಂದೆಯೇ ಇದ್ದದ್ದನ್ನೂ ಹೇಳಿದೆ.

ಅವನು ನಿಧಾನಕ್ಕೆ, ತೊದಲುತ್ತಾ ಕೇಳಿದ: "ಯಾವ ಸೊಪ್ಪು?"

"ನುಗ್ಗೆ."

"ನಮ್ಮ ಅಂಗಳದಲ್ಲಿ ಮರ ಉಂಟು. ಒಂದು ಎಲೆ ಮುಟ್ಟಲು ಇವಳು ಬಿಡುವುದಿಲ್ಲ. ನೀನು ಮೂರು ಹೊತ್ತು ತಿನ್ನಿಸಿದ್ದೀ." ನಗುತ್ತಿದ್ದಾನೋ ಅಲ್ಲವೋ ತಿಳಿಯಲಿಲ್ಲ.

"ತಪ್ಪಾಯಿತು ಸದಾಶಿವ. ನಿನ್ನ ಕೈ..."

"ಕೈ ಬಿಡು. ನನಗೆ ಯಾಕೆ ಹೇಳುತ್ತೀ? ನಾನು ಮಾತ್ರೆ ಬಿಟ್ಟಿಲ್ಲ ಎಂದು ನನಗೆ ಗೊತ್ತುಂಟಲ್ಲ. ಅವಳಿಗೆ ಹೇಳು."

ಫೋನ್ ಕೈ ಬದಲಾಯಿತು. "ಎಂತ ವಾಸಣ್ಣ?" ಎಂದಳು ಸುಮತಿ. ಮತ್ತೆ ಮೊದಲಿನಿಂದ ಹೇಳಿದೆ. ಅವನಿಗೆ ಹೇಳಿದ್ದಕ್ಕಿಂತ ಇದು ಕಷ್ಟವಾಯಿತು.

"ಹಾಗಾದರೆ ಇವರು ಮಾತ್ರೆ ಬಿಡಲಿಲ್ಲ?"

"ಇಲ್ಲ ಸುಮತಿಯಕ್ಕ."

"ಹೆದರಿ ಒಟ್ಟಿಗೆ ನುಂಗಲೂ ಇಲ್ಲ?"

"ಇಲ್ಲ. ಡಾಕ್ಟರು ಹೇಳಿದಷ್ಟೇ."

ಅವಳು ಫೋನನ್ನು ಎಲ್ಲೋ ಇಟ್ಟಳು, ಕಟ್ ಮಾಡಲಿಲ್ಲ. ಕೀ ಗೊಂಚಲಿನ ಸದ್ದು ಕೇಳಿಸಿತು. ಕಬ್ಬಿಣದ ಕಪಾಟಿನ ಬಾಗಿಲು ಕಿರ್ರೆಂದಿತು. ಆಮೇಲೆ ಅವಳ ದನಿ, ನನಗಲ್ಲ, ಅವನಿಗೆ: "ತೆಗೆದುಕೊಳ್ಳಿ. ಇನ್ನು ನೀವೇ ಇಟ್ಟುಕೊಳ್ಳಿ." ಅವನು ಏನೋ ಹೇಳಿದ. ಈ ಸಲ ಅವಳು ಸುಮ್ಮನಿರಿ ಎನ್ನಲಿಲ್ಲ.

ಮತ್ತೆ ಫೋನ್ ಎತ್ತಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು.

"ನಿಮಗೆ ಶಾಲು ಹೊದಿಸಿದ ಫೋಟೋ ಗ್ರೂಪಿನಲ್ಲಿ ನೋಡಿದೆ ವಾಸಣ್ಣ. ಅನ್ನ ಹಾಕಿದವರು ಅಂತ ನಿಮ್ಮ ಹೆಸರು ಹೇಳಿದರಂತೆ. ಉಂಡವರ ಹೆಸರು ಹೇಳಿದರಾ?"

"ಇಲ್ಲ."

"ಹಾಗಾದರೆ ನೀವು ಹೇಳಿ. ನನಗೆ ಹೇಳಿದ್ದು ಸಾಕು, ಇವರನ್ನು ಮರೆಗುಳಿ ಎಂದು ನಂಬಿದವರು ಅಲ್ಲಿ ಎಷ್ಟೋ ಜನ ಇದ್ದಾರೆ. ಬರೆದು ಹೇಳಿ" ಎಂದು ಇಟ್ಟಳು.

ಅದಕ್ಕೆ ಬರೆದೆ. ಅಡುಗೆಮನೆಗೆ ಬರುವ ತಮ್ಮಂದಿರೇ, ಸೊಪ್ಪು ಧಾರಾಳ ಹಾಕಿ, ಹಾಕಿದ್ದನ್ನು ಹೇಳಿ. ಬೇಡವಾದವರು ದಾಲ್ ಕಡೆಗೆ ಹೋಗುತ್ತಾರೆ. ಮತ್ತು ಮದೀನತ್ ಜಾಯೆದ್‌ನ ಆ ಕ್ಯಾಂಪಿನಲ್ಲಿ ನನ್ನ ಕೈಯಡುಗೆ ಉಂಡವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ನೆನಪಿರಬಹುದು, ಎದೆಯಲ್ಲಿ ಗಡಿಯಾರ ಇದೆ ಎಂದು ಕೇಳಿಸುತ್ತಿದ್ದ ಸ್ಟೋರಿನವನು. ಅವನ ಹೆಸರು ಸದಾಶಿವ. ಒಂದು ದಿನವೂ ಮಾತ್ರೆ ಬಿಟ್ಟವನಲ್ಲ.